ಮರ ಕೊಯ್ಯುವ ಮಿಷನ್ನಿನ ಚೈನು

ಕಾಫಿ ಕೊಯ್ಲು, ಅಡಿಕೆ ಸುಲಿತಗಳ ನಡುವೆಯೇ ಒಣಗಿದ ಸಿಲ್ವರ್ ಓಕ್ ಕಡಿಸಿ ಸೌದೆ ಮಾಡಿಸುವ ಕೆಲಸವೂ ಈ ಚಳಿಯಲ್ಲೇ ಬರುತ್ತದೆ. ಇಬ್ಬನಿಗೆ ನೆಂದ ದಿಮ್ಮಿ ಕಾಲಿಗೆ ಜಾರುವುದರಿಂದ, ಬಿಸಿಲೇರುವವರೆಗೆ ಮಿಷನ್ನು ಮುಟ್ಟದಿರುವುದೇ ಲೇಸು.

ಸದಸ್ಯರು ಮುಖ್ಯವಾಗಿ ಗಮನಿಸಬೇಕಾದದ್ದು ಚೈನಿನ ಬಿಗಿ. ಕೊಯ್ಯುವಾಗ ಚೈನು ಕಾದು ಹಿಗ್ಗಿ ಜೋಲುತ್ತದೆ; ಆಗ ಬಿಗಿ ಮಾಡುತ್ತೇವೆ. ಸಂಜೆ ಹಾಗೆಯೇ ಇಟ್ಟರೆ ಅದು ತಣಿದು ಕುಗ್ಗಿ ಕ್ರ್ಯಾಂಕ್ ಶಾಫ್ಟು, ಬೇರಿಂಗುಗಳನ್ನು ಎಳೆದು ಕೆಡಿಸುತ್ತದೆ. ಆದುದರಿಂದ ಕೆಲಸ ಮುಗಿದೊಡನೆ ಸಡಿಲಿಸತಕ್ಕದ್ದು. ಮರುದಿನ ಇಂಜಿನ್ ಚಾಲೂ ಮಾಡುವ ಮೊದಲು, ಚೈನು ಬಾರಿನ ಅಡಿಗೆ ತಾಗಿಕೊಂಡಿದ್ದು ಕೈಗವಸು ಹಾಕಿ ಎಳೆದರೆ ಸರಾಗವಾಗಿ ಸರಿಯುವಷ್ಟು ಬಿಗಿ ಮಾಡಿದರೆ ಸಾಕು. ಸಡಿಲ ಚೈನು ಕಳಚಿ ಹಾರಿದರೆ ಪೆಟ್ಟು ಬೀಳುವುದು ಕೆಲಸಗಾರನಿಗೆ.

ಪೆಟ್ರೋಲ್ ತುಂಬಿದಾಗಲೆಲ್ಲ ಚೈನ್ ಎಣ್ಣೆಯನ್ನೂ ತುಂಬಿರಿ. ಜೀಪಿನಿಂದ ಇಳಿಸಿದ ಹಳೇ ಎಣ್ಣೆ ಹಾಕುವುದು ಉಳಿತಾಯವಲ್ಲ, ಬಾರು ಪಂಪುಗಳಿಗೆ ಕೇಡು.

ಬಾರಿನ ತುದಿಯ ಮೇಲ್ಭಾಗ ಮರಕ್ಕೆ ತಾಗಿದರೆ ಮಿಷನ್ನು ಕ್ಷಣಾರ್ಧದಲ್ಲಿ ಮುಖದತ್ತ ಎಗರುತ್ತದೆ. ಎರಡೂ ಕೈಯಲ್ಲಿ ಹಿಡಿದು, ಹೆಗಲಿಗಿಂತ ಮೇಲೆತ್ತದೆ ಕೊಯ್ಯಬೇಕು. ಏಣಿ ಹತ್ತಿ ಕೊಯ್ಯುವುದಂತೂ ಕೂಡದು. ಚೈನ್ ಬ್ರೇಕ್ ಹಿಡಿಯದ ಮಿಷನ್ನನ್ನು, ಎಷ್ಟೇ ಅವಸರವಿರಲಿ, ರಿಪೇರಿಯಾಗುವವರೆಗೆ ಯಾರ ಕೈಗೂ ಕೊಡಬೇಡಿರಿ.