ಗಿಟ್ ಫೆಚ್

ಗಿಟ್ ಫೆಚ್ ಎಂಬುದು ಗಿಟ್ ಆವೃತ್ತಿ ನಿಯಂತ್ರಣ ವ್ಯವಸ್ಥೆಯ ಒಂದು ಆದೇಶ. ಇದು ಸರ್ವರಿನಲ್ಲಿರುವ ಭಂಡಾರಕ್ಕೆ ಹೊಸದಾಗಿ ಸೇರಿದ ಬದಲಾವಣೆಗಳನ್ನು ಬಳಕೆದಾರರ ಗಣಕಕ್ಕೆ ತರುತ್ತದೆ. ಆದರೆ ಅವರು ಕೆಲಸ ಮಾಡುತ್ತಿರುವ ಕಡತಗಳನ್ನು ಮುಟ್ಟುವುದಿಲ್ಲ. ಆದ್ದರಿಂದ ಇತರರ ಬದಲಾವಣೆಗಳನ್ನು ವಿಲೀನಕ್ಕೆ ಮೊದಲೇ ಪರಿಶೀಲಿಸಬಹುದು.

ಬಳಕೆ

ತಂದ ಬದಲಾವಣೆಗಳು 'ಒರಿಜಿನ್/ಮೇನ್' ಎಂಬಂತಹ ಪ್ರತ್ಯೇಕ ಹೆಸರಿನಡಿ ಉಳಿಯುತ್ತವೆ. 'ಗಿಟ್ ಲಾಗ್ ಹೆಡ್..ಒರಿಜಿನ್/ಮೇನ್' ಎಂಬ ಆದೇಶವು ಸ್ಥಳೀಯ ಶಾಖೆಯಲ್ಲಿ ಇನ್ನೂ ಇಲ್ಲದ ಕಮಿಟ್‌ಗಳನ್ನು ಪಟ್ಟಿ ಮಾಡುತ್ತದೆ. 'ಗಿಟ್ ಡಿಫ್ ಹೆಡ್...ಒರಿಜಿನ್/ಮೇನ್' ಎಂಬುದು ಎರಡು ಶಾಖೆಗಳು ಕವಲೊಡೆದ ಬಳಿಕ ಅತ್ತ ಕಡೆ ಬದಲಾದ ಸಾಲುಗಳನ್ನು ಮಾತ್ರ ತೋರಿಸುತ್ತದೆ. ಈ ಆದೇಶದಲ್ಲಿ ಮೂರು ಚುಕ್ಕಿಗಳು ಅಗತ್ಯ. ಎರಡೇ ಚುಕ್ಕಿಗಳಿದ್ದರೆ ಬಳಕೆದಾರರು ತಾವೇ ಸೇರಿಸಿದ ಸಾಲುಗಳು ಅಳಿಸಿಹೋದಂತೆ ಕಾಣುತ್ತವೆ.

ಗಿಟ್ ಪುಲ್‌ನೊಂದಿಗೆ ಹೋಲಿಕೆ

'ಗಿಟ್ ಪುಲ್' ಆದೇಶವು ಫೆಚ್ ಮುಗಿದ ಕೂಡಲೇ ವಿಲೀನವನ್ನೋ ರೀಬೇಸನ್ನೋ ನಡೆಸುತ್ತದೆ. ಒಂದೇ ಸಾಲನ್ನು ಇಬ್ಬರು ಬೇರೆಬೇರೆಯಾಗಿ ತಿದ್ದಿದ್ದರೆ ಆಗ ಘರ್ಷಣೆ ಉಂಟಾಗುತ್ತದೆ. ಪೂರ್ವಪರಿಶೀಲನೆಯು ಘರ್ಷಣೆಯನ್ನು ತಪ್ಪಿಸದಿದ್ದರೂ, ಯಾವ ಕಡತದಲ್ಲಿ ಅದು ಎದುರಾಗಬಹುದೆಂಬುದನ್ನು ಮುಂಚಿತವಾಗಿ ತಿಳಿಸುತ್ತದೆ.

ಇತರ ವ್ಯವಸ್ಥೆಗಳಲ್ಲಿ

ಮರ್ಕ್ಯುರಿಯಲ್‌ನಲ್ಲಿ 'ಎಚ್‌ಜಿ ಇನ್‌ಕಮಿಂಗ್' ಆದೇಶವು ಬರಲಿರುವ ಬದಲಾವಣೆಗಳನ್ನು ಪಟ್ಟಿ ಮಾಡುತ್ತದೆ. ಸಬ್‌ವರ್ಶನ್‌ನಲ್ಲಿ 'ಎಸ್‌ವಿಎನ್ ಸ್ಟೇಟಸ್ -ಯು' ಆದೇಶವು ಸರ್ವರಿನಲ್ಲಿ ಹೊಸ ಆವೃತ್ತಿಯಿರುವ ಕಡತಗಳನ್ನು ನಕ್ಷತ್ರಚಿಹ್ನೆಯಿಂದ ಗುರುತಿಸುತ್ತದೆ.