ಹಸುಗೂಸಿನ ಮೊದಲ ಉಸಿರು

ಹುಟ್ಟಿದ ಮಗು ಅಳಬೇಕು. ಮನೆಯವರೆಲ್ಲ ಕಿವಿಗೊಟ್ಟು ಕಾದಿದ್ದು, ಕೇಳಿದೊಡನೆ ನಗುವ ಅಳು ಲೋಕದಲ್ಲಿ ಇದೊಂದೇ ಇರಬೇಕು. ಹೆರಿಗೆ ಕೋಣೆಯ ಹೊರಗೆ ನಿಂತ ಅಜ್ಜಿಗೆ ಆ ದನಿ ಕೇಳಿದರೆ ಸಾಕು. ಹೆಣ್ಣೋ ಗಂಡೋ ಎಂಬ ಪ್ರಶ್ನೆ ಆಮೇಲಿನದು. ಆ ಅಳು ಕೆಲವೊಮ್ಮೆ ತಡವಾಗುವುದೇಕೆ, ತಾಯಿ ಸೇವಿಸಿದ ಹೊಗೆಸೊಪ್ಪು, ಅಫೀಮು, ಮಾತ್ರೆಗಳಿಗೂ ಅದಕ್ಕೂ ಏನು ಸಂಬಂಧ ಎಂಬುದನ್ನು ಓದುಗರ ಮುಂದಿಡಬೇಕೆಂದು ಈ ಲೇಖನ. ನಾನು ಕನ್ನಡ ಪಾಠ ಹೇಳುವವನೇ ಹೊರತು ವೈದ್ಯನಲ್ಲ. ಬಲ್ಲವರು ಬರೆದುದನ್ನು ಓದಿ ತಿಳಿದಷ್ಟನ್ನು ಹೇಳುತ್ತೇನೆ.

ಗರ್ಭದಲ್ಲಿರುವ ಶಿಶುವಿನ ಶ್ವಾಸಕೋಶದಲ್ಲಿ ಗಾಳಿಯಿರುವುದಿಲ್ಲ. ನೀರಿನಂಥ ದ್ರವ ತುಂಬಿರುತ್ತದೆ. ಶಿಶುವಿಗೆ ಬೇಕಾದ ಆಮ್ಲಜನಕ ಮಾಸನ್ನು ದಾಟಿ, ಹೊಕ್ಕುಳಬಳ್ಳಿಯ ಹಾದಿಯಾಗಿ ಬರುತ್ತದೆ. ಹೊಕ್ಕುಳಬಳ್ಳಿಯ ಸಂಬಂಧ ತಪ್ಪಿದ ಮೇಲೆ ಕೂಸು ತಾನೇ ಉಸಿರೆಳೆಯಬೇಕು. ಮೊದಲ ಕೆಲವು ಉಸಿರುಗಳಲ್ಲಿ ಆ ದ್ರವ ಪಕ್ಕಕ್ಕೆ ಸರಿದು ಮೈಯೊಳಗೆ ಹೀರಿಹೋಗುತ್ತದೆ, ಮಡಿಸಿಟ್ಟಂತಿದ್ದ ಗಾಳಿಗೂಡುಗಳು ಬಿಚ್ಚಿಕೊಳ್ಳುತ್ತವೆ, ರಕ್ತ ಅಲ್ಲಿಗೆ ನುಗ್ಗುತ್ತದೆ. ಒಂದು ಊರಿನ ಕಾಲುವೆಗಳನ್ನೆಲ್ಲ ಒಂದು ನಿಮಿಷದಲ್ಲಿ ತಿರುಗಿಸಿದಂತೆ! ನೂರು ಕೂಸುಗಳಲ್ಲಿ ಸುಮಾರು ತೊಂಬತ್ತು ಇದನ್ನು ಯಾರ ಹಂಗೂ ಇಲ್ಲದೆ ಮಾಡಿ ಮುಗಿಸುತ್ತವೆ. ಉಳಿದ ಹತ್ತಕ್ಕೆ ಏನಾದರೊಂದು ನೆರವು ಬೇಕು. ಮೈಯೊರಸಿ ಬೆನ್ನು ಸವರಿದರೆ ಹಲವು ಎಚ್ಚರಗೊಳ್ಳುತ್ತವೆ. ಕೆಲವಕ್ಕೆ ಪುಟ್ಟ ಮುಖವಾಡ ಇಟ್ಟು, ರಬ್ಬರು ಚೀಲ ಒತ್ತಿ ಗಾಳಿ ಕೊಡಬೇಕಾಗುತ್ತದೆ. ಇದು ಮೊದಲ ನಿಮಿಷದೊಳಗೆ ಆರಂಭವಾಗಬೇಕು. ತಲೆಕೆಳಗಾಗಿ ಹಿಡಿದು ಬಡಿಯುವ ಹಳೆಯ ಪದ್ಧತಿಯನ್ನು ವೈದ್ಯರು ಕೈಬಿಟ್ಟು ಬಹುಕಾಲವಾಯಿತು.

ಗಾಳಿ ಎಂದೆ, ಶುದ್ಧ ಆಮ್ಲಜನಕವನ್ನೇ ಕೊಟ್ಟರೆ ಇನ್ನೂ ಒಳ್ಳೆಯದಲ್ಲವೇ ಎಂದು ತಾವು ಕೇಳಬಹುದು. ವೈದ್ಯರೂ ಬಹುಕಾಲ ಹಾಗೆಯೇ ಎಣಿಸಿದ್ದರು. 1940ರ ದಶಕದಲ್ಲಿ ದಿನ ತುಂಬದೆ ಹುಟ್ಟಿದ ಕೂಸುಗಳಿಗೆ ಧಾರಾಳವಾಗಿ ಆಮ್ಲಜನಕ ಕೊಟ್ಟರು. ಬದುಕಿದ ಮಕ್ಕಳಲ್ಲಿ ಎಷ್ಟೋ ಮಂದಿ ಕುರುಡಾದರು. 1951ರಲ್ಲಿ ಆಸ್ಟ್ರೇಲಿಯಾದ ಮೆಲ್ಬೋರ್ನ್ ನಗರದ ಕೇಟ್ ಕ್ಯಾಂಪ್‌ಬೆಲ್ ಎಂಬ ವೈದ್ಯೆ ಆ ಅತಿ ಧಾರಾಳವೇ ಇದಕ್ಕೆ ಕಾರಣವಿರಬೇಕೆಂದು ಬರೆದರು. 1993ರಲ್ಲಿ ನಮ್ಮ ದೆಹಲಿಯಲ್ಲೇ ಸಿದ್ಧಾರ್ಥ ರಾಮ್‌ಜಿ ಮತ್ತು ಸಂಗಡಿಗರು ಉಸಿರು ಹಿಡಿಯದ ಕೂಸುಗಳಿಗೆ ಕೋಣೆಯ ಗಾಳಿಯನ್ನೇ ಕೊಟ್ಟು, ಅದು ಶುದ್ಧ ಆಮ್ಲಜನಕಕ್ಕೆ ಕಡಿಮೆಯಲ್ಲವೆಂದು ತೋರಿಸಿದರು. ದಿನ ತುಂಬಿದ ಕೂಸಿಗೆ ಮೊದಲು ಕೋಣೆಯ ಗಾಳಿ ಎಂಬುದು ಇಂದು ಲೋಕವೆಲ್ಲ ಒಪ್ಪಿದ ಕ್ರಮ.

ಇನ್ನು ಮಾಸಿನ ವಿಷಯ. ಅದೊಂದು ಸುಂಕದ ಕಟ್ಟೆ. ತಾಯಿಯ ರಕ್ತವನ್ನೂ ಮಗುವಿನ ರಕ್ತವನ್ನೂ ಅದು ಬೆರೆಯಗೊಡುವುದಿಲ್ಲ. ಆದರೆ ಹೊಗೆಸೊಪ್ಪಿನ ನಿಕೋಟಿನ್, ಹೆಂಡದ ಸಾರ, ಅಫೀಮಿನ ಸತ್ತ್ವ, ನಿದ್ದೆಗುಳಿಗೆ, ಇವಕ್ಕೆಲ್ಲ ಅಲ್ಲಿ ತಡೆಯಿಲ್ಲ. ಉಸಿರಾಡೆಂದು ಅಪ್ಪಣೆ ಕೊಡುವ ಸ್ಥಾನ ಮಿದುಳಿನ ಬುಡದಲ್ಲಿದೆ. ಅಫೀಮಿನ ಜಾತಿಯ ಔಷಧಗಳು ಅದನ್ನು ಮಂಕುಗೊಳಿಸುತ್ತವೆ. ಹೆರಿಗೆಗೆ ತುಸು ಮುಂಚೆ ಅವು ತಾಯಿಯ ಮೈ ಸೇರಿದ್ದರೆ ಕೂಸು ತೂಕಡಿಸುತ್ತಲೇ ಹುಟ್ಟಬಹುದು. ನೋವು ತಗ್ಗಿಸಲು ಆಸ್ಪತ್ರೆಯಲ್ಲೇ ಕೊಡುವ ಪೆಥಿಡಿನ್ ಚುಚ್ಚುಮದ್ದಿನಿಂದಲೂ ಹೀಗಾಗುವುದುಂಟು.

ಇದಕ್ಕೆ ನಲಾಕ್ಸೋನ್ ಎಂಬ ಮರುಮದ್ದಿದೆ. ಅಪಾಯವಿರುವುದೂ ಇಲ್ಲಿಯೇ. ಗರ್ಭಿಣಿ ತಿಂಗಳುಗಟ್ಟಲೆ ಅಂಥ ಔಷಧಕ್ಕೆ ಒಗ್ಗಿಹೋಗಿದ್ದರೆ ಕೂಸೂ ಒಗ್ಗಿರುತ್ತದೆ. ಅಂಥ ಕೂಸಿಗೆ ಮರುಮದ್ದು ಕೊಟ್ಟರೆ ಮೈಯಲ್ಲಿದ್ದುದು ಒಮ್ಮೆಗೇ ಕಿತ್ತುಕೊಂಡಂತಾಗಿ ಸೆಳೆತ, ಫಿಟ್ಸ್ ಬರಬಹುದು. ಆದಕಾರಣ ಮೊದಲು ಗಾಳಿ ಕೊಡುವುದು, ಮರುಮದ್ದಿನ ಆತುರ ಬೇಡ ಎಂಬುದು ಈಗಿನ ನಿಯಮ. ಆದರೂ ವೈದ್ಯರಿಗೆ ತಾಯಿಯ ಸಂಗತಿ ಮೊದಲೇ ಗೊತ್ತಿರಬೇಕು. ಅದನ್ನು ಹೇಳಬೇಕಾದವರು ಮನೆಯವರು. ನಮ್ಮಲ್ಲೋ, “ಯಾರ ಮುಂದೆಯೂ ಉಸಿರೆತ್ತಬೇಡ” ಎಂಬುದೇ ವಾಡಿಕೆ. ಹಳಗನ್ನಡ ಓದಿದವರಿಗೆ ಗೊತ್ತು, ಉಸಿರು ಎಂದರೆ ಶ್ವಾಸವೂ ಹೌದು, ಹೇಳು ಎಂಬ ಅರ್ಥವೂ ಹೌದು. ಹೆರಿಗೆ ಕೋಣೆಯಲ್ಲಿ ಆ ಎರಡು ಅರ್ಥಗಳು ಬೇರೆಯಾಗಿ ಉಳಿಯುವುದಿಲ್ಲ.

ಒಗ್ಗಿಹೋದ ಕೂಸಿಗೆ ಹುಟ್ಟಿದ ಒಂದೆರಡು ದಿನಗಳಲ್ಲಿ, ಕೆಲವೊಮ್ಮೆ ಇನ್ನೂ ತಡವಾಗಿ, ಇನ್ನೊಂದು ಕಷ್ಟ. ಚೀರಿ ಚೀರಿ ಅಳುತ್ತದೆ, ನಡುಗುತ್ತದೆ, ಸೀನುತ್ತದೆ, ಬೇಧಿಯಾಗುತ್ತದೆ. ಹಾಲು ಹಿಡಿಯದು, ಉಸಿರಾಟ ಬಿರುಸಾಗುತ್ತದೆ. 1975ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಲೊರೆಟ್ಟಾ ಫಿನ್ನೆಗನ್ ಎಂಬ ವೈದ್ಯೆ ಈ ಲಕ್ಷಣಗಳಿಗೆಲ್ಲ ಅಂಕ ಹಾಕುವ ಪಟ್ಟಿ ರಚಿಸಿದರು. ಅಂಕ ಏರಿದರೆ ಮಾರ್ಫಿನ್‌ನಂಥ ಔಷಧವನ್ನು ಅತ್ಯಲ್ಪವಾಗಿ ಕೊಟ್ಟು ಮೆಲ್ಲನೆ ಇಳಿಸುವುದು. ಈಗ ಅಲ್ಲಿಯೇ ಇನ್ನೊಂದು ಸರಳ ಕ್ರಮ ಬಂದಿದೆ. ಅದರಲ್ಲಿ ಕೇಳುವುದು ಮೂರೇ ಪ್ರಶ್ನೆ: ಮಗು ಹಾಲು ಕುಡಿಯುತ್ತಿದೆಯೇ? ಒಂದು ಗಂಟೆಯಾದರೂ ನಿದ್ದೆ ಮಾಡುತ್ತಿದೆಯೇ? ಹತ್ತು ನಿಮಿಷದೊಳಗೆ ಸಮಾಧಾನವಾಗುತ್ತದೆಯೇ? ಮಂದ ಬೆಳಕು, ಸದ್ದಿಲ್ಲದ ಕೋಣೆ, ತಾಯಿಯ ಮಡಿಲು ಮೊದಲ ಮದ್ದು, ಸಾಲದಾದರೆ ಔಷಧ. 2023ರಲ್ಲಿ ಪ್ರಕಟವಾದ, 26 ಆಸ್ಪತ್ರೆಗಳ ಪರೀಕ್ಷೆಯಲ್ಲಿ ಈ ಕ್ರಮದ ಕೂಸುಗಳು ಸರಾಸರಿ ಸುಮಾರು 8 ದಿನಗಳಲ್ಲಿ ಮನೆಗೆ ಹೋಗಲು ಸಿದ್ಧವಾದವು. ಹಳೆಯ ಕ್ರಮದವಕ್ಕೆ ಸುಮಾರು 15 ದಿನ ಹಿಡಿಯಿತು. ತಾಯಿಯನ್ನು ಪಾಪಿಯೆಂದು ದೂರವಿಟ್ಟಿದ್ದರೆ ಈ ಮದ್ದು ಎಲ್ಲಿಂದ ಬರಬೇಕಿತ್ತು?

ಇದು ನಮ್ಮ ಅಜ್ಜಿಯರಿಗೆ ಗೊತ್ತಿದ್ದುದೇ ಎಂದು ಹಿಗ್ಗುವವರಿಗೆ ಒಂದು ಮಾತು. 1920ರ ದಶಕದಲ್ಲಿ ಮುಂಬಯಿಯ ಗಿರಣಿಗಳಿಗೆ ಹೋಗುವ ತಾಯಂದಿರು ಕೂಸುಗಳನ್ನು ಅಫೀಮಿನ ಗುಳಿಗೆ ಕೊಟ್ಟು ಮಲಗಿಸುತ್ತಿದ್ದುದು ದಾಖಲೆಯಲ್ಲಿದೆ. ಅದಕ್ಕೆ ಬಾಲಗೋಳಿ ಎಂಬ ಮುದ್ದಿನ ಹೆಸರು ಬೇರೆ.

ಅಫೀಮು ನಮ್ಮ ಮನೆಗಳಿಗೆ ದೂರದ ಮಾತಾಗಿರಬಹುದು. ಎಲೆಅಡಿಕೆ ಸಂಚಿಯಲ್ಲಿರುವ ಕಡ್ಡಿಪುಡಿ ದೂರದ್ದಲ್ಲ. ಹಲ್ಲುನೋವಿಗೆಂದೋ, ಬಸುರಿನ ವಾಕರಿಕೆಗೆಂದೋ ಆರಂಭವಾದದ್ದು ಬಿಡದ ಚಟವಾಗುತ್ತದೆ. ಹೊಗೆಯಿಲ್ಲವಲ್ಲ ಎಂಬ ಸಮಾಧಾನ ಸಲ್ಲದು. ನಿಕೋಟಿನ್ ಅದರಲ್ಲೂ ಇದೆ. ಮುಂಬಯಿಯಲ್ಲಿ 1,217 ಗರ್ಭಿಣಿಯರನ್ನು ಅನುಸರಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಹೊಗೆಸೊಪ್ಪು ಜಗಿಯುವ ಅಥವಾ ಹಲ್ಲಿಗೆ ತಿಕ್ಕುವ ತಾಯಂದಿರ ಕೂಸುಗಳ ತೂಕ ಸರಾಸರಿ 105 ಗ್ರಾಂ ಕಡಿಮೆ; ದಿನ ತುಂಬುವ ಮೊದಲೇ ಹುಟ್ಟುವುದೂ ಹೆಚ್ಚು. ಗಂಡಸರು ಸೇದುವ ಬೀಡಿಯ ಹೊಗೆ ಗರ್ಭಿಣಿಯ ಮೂಗಿಗೆ ಹೋದರೂ ಕೇಡೇ; ಈ ಚಟವನ್ನು ಸೊಸೆಯೊಬ್ಬಳ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ.

ದಿನ ತುಂಬದ ಕೂಸಿನ ಉಸಿರಿನ ಕಥೆಯೇ ಬೇರೆ. ಗಾಳಿಗೂಡುಗಳು ಮುಚ್ಚಿಕೊಳ್ಳದಂತೆ ಒಳಗೆ ಸವರಿರಬೇಕಾದ ಜಿಡ್ಡಿನಂಥ ವಸ್ತು ಇನ್ನೂ ಸಾಕಷ್ಟು ಹುಟ್ಟಿರುವುದಿಲ್ಲ. ಇದನ್ನು 1959ರಲ್ಲಿ ಬಾಸ್ಟನ್ನಿನ ಮೇರಿ ಎಲೆನ್ ಏವರಿ ಮತ್ತು ಜೆರ್ ಮೀಡ್ ತೋರಿಸಿಕೊಟ್ಟರು. ಅದಾಗಿ ನಾಲ್ಕು ವರ್ಷಕ್ಕೆ, 1963ರ ಆಗಸ್ಟಿನಲ್ಲಿ, ಅಮೆರಿಕದ ಅಧ್ಯಕ್ಷ ಕೆನಡಿಯವರ ಮಗ ಪ್ಯಾಟ್ರಿಕ್ ದಿನ ತುಂಬದೆ ಹುಟ್ಟಿ ಎರಡೇ ದಿನಕ್ಕೆ ಇದೇ ತೊಂದರೆಯಿಂದ ತೀರಿಕೊಂಡ. ಕಾರಣ ತಿಳಿದಿತ್ತು, ಉಪಾಯ ಇರಲಿಲ್ಲ. 1971ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಜಾರ್ಜ್ ಗ್ರೆಗರಿ, ಉಸಿರು ಬಿಡುವಾಗಲೂ ಗಾಳಿಯ ಒತ್ತಡ ಪೂರ್ತಿ ಇಳಿಯದಂತೆ ಮಾಡಿ 20 ಕೂಸುಗಳಲ್ಲಿ 16ನ್ನು ಉಳಿಸಿದರು. ಬಲೂನು ಊದಿದವರಿಗೆ ಇದರ ಮರ್ಮ ತಿಳಿಯುತ್ತದೆ: ಪೂರ್ತಿ ಮುದುಡಿದ್ದನ್ನು ಊದುವುದು ಕಷ್ಟ, ತುಸು ಉಬ್ಬಿದ್ದನ್ನು ಊದುವುದು ಸುಲಭ. ಈಗ ಮೂಗಿಗೆ ಕೊಳವೆ ಇಟ್ಟು, ಅದರ ಇನ್ನೊಂದು ತುದಿಯನ್ನು ಸೀಸೆಯ ನೀರಿನಲ್ಲಿ ಐದಾರು ಸೆಂಟಿಮೀಟರು ಮುಳುಗಿಸುತ್ತಾರೆ. ನೀರಿನ ಆಳವೇ ಒತ್ತಡದ ಅಳತೆ. ಗುಳುಗುಳು ಎನ್ನುವ ಆ ಸೀಸೆ ನಮ್ಮ ಆಸ್ಪತ್ರೆಗಳಲ್ಲೂ ಇದೆ.

ಇಷ್ಟೆಲ್ಲ ಸಾಧನವಿದ್ದರೂ ಅದನ್ನು ಸಿದ್ಧಮಾಡಿಡಲು ಡಾಕ್ಟರಿಗೆ ಮೊದಲೇ ಸುಳಿವು ಬೇಕು. ಬಸುರಿಯನ್ನು ಮೊದಲ ಸಲ ತೋರಿಸಲು ಕರೆದೊಯ್ದಾಗ, ಏನು ತಿನ್ನುತ್ತೀಯಮ್ಮ, ಯಾವ ಮಾತ್ರೆ ನುಂಗುತ್ತೀ ಎಂದು ಡಾಕ್ಟರು ಕೇಳುವ ಹೊತ್ತಿಗೆ ಅತ್ತೆಯವರೂ ಗಂಡನೂ ಎದ್ದು ಹೊರಗಿನ ಬೆಂಚಿನ ಮೇಲೆ ಕುಳಿತರೆ ಅರ್ಧ ಕೆಲಸವಾದಂತೆ. ಕಡ್ಡಿಪುಡಿಯನ್ನು ಯಾವ ತಿಂಗಳಲ್ಲಿ ಬಿಟ್ಟರೂ ಲಾಭವೇ. ಆದರೆ ಅಫೀಮಿನ ಜಾತಿಯ ಔಷಧ, ನಿದ್ದೆಗುಳಿಗೆ, ಹೆಚ್ಚಿನ ಕುಡಿತ, ಇವನ್ನು ಹೆದರಿ ಒಮ್ಮೆಗೇ ನಿಲ್ಲಿಸಬಾರದು. ತಾಯಿಗೂ ಗರ್ಭಕ್ಕೂ ಅದರಿಂದ ಅಪಾಯವುಂಟು, ಡಾಕ್ಟರ ಕಣ್ಣಳತೆಯಲ್ಲೇ ಇಳಿಸಬೇಕು. ನೋವು ಬಂದು ಆಸ್ಪತ್ರೆಗೆ ಹೊರಟಾಗ ತಾಯಿ ಕಾರ್ಡಿನ ಜೊತೆಗೆ ನುಂಗುತ್ತಿದ್ದ ಮಾತ್ರೆಯ ಪೊಟ್ಟಣವನ್ನೂ ಚೀಲಕ್ಕೆ ಹಾಕಿಕೊಳ್ಳಿ. ಕೊನೆಯದಾಗಿ ನುಂಗಿದ್ದು ಎಷ್ಟು ಗಂಟೆಗೆ ಎಂದು ದಾದಿ ಕೇಳುತ್ತಾಳೆ.