ಮಂಡಿಯ ಮೃದ್ವಸ್ಥಿ ಚಿಕಿತ್ಸೆ: ಖರ್ಚಿನ ಲೆಕ್ಕ ಮೊದಲೇ ತಿಳಿದಿರಲಿ



ಕೀಲಿನಲ್ಲಿ ಎಲುಬುಗಳ ತುದಿ ಒಂದಕ್ಕೊಂದು ಉಜ್ಜದಂತೆ ಕಾಯುವ ನುಣುಪಾದ ಪದರವೇ ಮೃದ್ವಸ್ಥಿ. ಇದರಲ್ಲಿ ರಕ್ತನಾಳಗಳಿಲ್ಲ. ಆದ್ದರಿಂದ ಆಟದಲ್ಲೋ ಅಪಘಾತದಲ್ಲೋ ಪೆಟ್ಟು ಬಿದ್ದರೆ ತಾನಾಗಿ ವಾಸಿಯಾಗುವುದು ಕಷ್ಟ. ರೋಗಿಯದೇ ಮೃದ್ವಸ್ಥಿಯ ಜೀವಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ, ಗಾಯದ ಜಾಗದಲ್ಲಿ ಕೂರಿಸುವ ವಿಧಾನವಿದೆ. ಸ್ವೀಡನ್ ದೇಶದ ವೈದ್ಯರು ಇದರ ಫಲಿತಾಂಶವನ್ನು 1994ರಲ್ಲಿ ಪ್ರಕಟಿಸಿದರು.

ಈ ಚಿಕಿತ್ಸೆ ಎಲ್ಲ ಕಡೆ ಸಿಗುವುದಿಲ್ಲ. ನಿಮ್ಮನ್ನು ಯಾವ ಆಸ್ಪತ್ರೆಗೆ ಕಳುಹಿಸಿದರೂ ಒಂದು ಮಾತು ನೆನಪಿರಲಿ: ಇದರ ಬಿಲ್ಲು ಒಂದೇ ಸಲ ಬರುವುದಿಲ್ಲ.

1. ಮೊದಲ ಶಸ್ತ್ರಚಿಕಿತ್ಸೆ: ದುರ್ಬೀನಿನಿಂದ ಕೀಲನ್ನು ನೋಡಿ, ಮೃದ್ವಸ್ಥಿಯ ಸಣ್ಣ ಚೂರನ್ನು ತೆಗೆಯುತ್ತಾರೆ.

2. ಪ್ರಯೋಗಾಲಯದ ಖರ್ಚು: ಜೀವಕೋಶ ಬೆಳೆಯಲು ಕೆಲವು ವಾರ ಬೇಕು. ಈ ಹಣ ಆಸ್ಪತ್ರೆಯ ಬಿಲ್ಲಿನಲ್ಲಿ ಸೇರಿದೆಯೇ, ಬೇರೆ ಕಟ್ಟಬೇಕೇ ಎಂದು ಕೇಳಿ. ಆ ಜೀವಕೋಶ ನಿಮಗೆ ಮಾತ್ರ ಉಪಯೋಗ. ಬೆಳೆಸಿದ ಮೇಲೆ ಬೇಡವೆಂದರೆ ಹಣ ವಾಪಸ್ಸು ಬರುತ್ತದೆಯೇ ಎಂಬುದನ್ನೂ ಮೊದಲೇ ಕೇಳಿಕೊಳ್ಳಿ.

3. ಎರಡನೆಯ ಶಸ್ತ್ರಚಿಕಿತ್ಸೆ: ಬೆಳೆದ ಜೀವಕೋಶಗಳನ್ನು ಕೂರಿಸುವುದು.

ಆಮೇಲೆ ಊರುಗೋಲು, ತಿಂಗಳುಗಟ್ಟಲೆ ಫಿಸಿಯೋಥೆರಪಿ, ಕೆಲಸಕ್ಕೆ ರಜೆ. ಇವನ್ನೂ ಲೆಕ್ಕದಲ್ಲಿ ಹಿಡಿಯಿರಿ.

ವಿಮೆ ಇದ್ದವರಿಗೆ

ಎರಡೂ ಸಲದ ದಾಖಲಾತಿಗೆ ಬೇರೆ ಬೇರೆ ಪೂರ್ವಾನುಮತಿ ಪಡೆಯಿರಿ. ಪ್ರಯೋಗಾಲಯದ ಖರ್ಚು ಕೊಡುತ್ತೀರಾ ಎಂದು ವಿಮಾ ಕಂಪನಿಯಿಂದ ಬರಹದಲ್ಲಿ ಉತ್ತರ ತರಿಸಿಕೊಳ್ಳಿ. ಇದನ್ನು ಸ್ಟೆಮ್ ಸೆಲ್ ಚಿಕಿತ್ಸೆ ಎಂದು ತಿಳಿದು ನಿರಾಕರಿಸುವ ಸಂಭವವಿದೆ. ಇವು ಬೆಳೆದ ಮೃದ್ವಸ್ಥಿಯದೇ ಜೀವಕೋಶಗಳು, ಸ್ಟೆಮ್ ಸೆಲ್ ಅಲ್ಲ. ಹಾಗೆಂದು ವೈದ್ಯರಿಂದ ಪತ್ರ ಬರೆಸಿಕೊಳ್ಳಿ. ಕ್ಲೇಮ್ ತಿರಸ್ಕರಿಸಿದರೆ ಮೊದಲು ಕಂಪನಿಗೆ ಲಿಖಿತ ದೂರು ಕೊಡಿ. ಅಲ್ಲಿ ಪರಿಹಾರ ಸಿಗದಿದ್ದರೆ ವಿಮಾ ಒಂಬುಡ್ಸ್‌ಮನ್ ಬಳಿ ಹೋಗಬಹುದು, ಅಲ್ಲಿ ಶುಲ್ಕವಿಲ್ಲ. ಆಯುಷ್ಮಾನ್ ಕಾರ್ಡಿದ್ದವರು ಆರೋಗ್ಯಮಿತ್ರರನ್ನು ಮೊದಲೇ ಕಾಣಿರಿ.

ಸಾಲ ಮಾಡುವ ಮುನ್ನ

ವಯಸ್ಸಾಗಿ ಇಡೀ ಮಂಡಿ ಸವೆದವರಿಗೆ ಇದು ತಕ್ಕ ಚಿಕಿತ್ಸೆಯಲ್ಲ. ಗಾಯ ಸಣ್ಣದಿದ್ದರೆ ಒಂದೇ ಶಸ್ತ್ರಚಿಕಿತ್ಸೆಯಲ್ಲಿ ಮುಗಿಯುವ ಬೇರೆ ವಿಧಾನಗಳೂ ಇವೆ. "ನನಗೆ ಇದೇ ಏಕೆ ಬೇಕು?" ಎಂದು ವೈದ್ಯರನ್ನು ಕೇಳಿರಿ. ಹೊಲ, ಒಡವೆ ಅಡವಿಡುವುದು ಆಮೇಲಿನ ಮಾತು.

ಮೊದಲ ಶಸ್ತ್ರಚಿಕಿತ್ಸೆಗೆ ಸಹಿ ಹಾಕುವ ಮುನ್ನವೇ ಕೊನೆಯವರೆಗಿನ ಅಂದಾಜು ಪಟ್ಟಿಯನ್ನು ಬರಹದಲ್ಲಿ ಪಡೆಯಿರಿ. ಪ್ರತಿ ರಸೀದಿಯನ್ನೂ ಜೋಪಾನವಾಗಿಡಿ. ಸಂಕೋಚ ಬೇಡ. ಕಾಯಕದಿಂದ ಗಳಿಸಿದ ಹಣಕ್ಕೆ ಲೆಕ್ಕ ಕೇಳುವುದು ಯಾರಿಗೂ ಅಗೌರವವಲ್ಲ. ಓದಲು ಬಾರದವರು ಬಿಲ್ಲನ್ನು ವಾರ್ಡಿನ ದಾದಿಯರ ಬಳಿ ತನ್ನಿ, ಓದಿ ಹೇಳುತ್ತೇವೆ.